ಬಾಲ್ಯವಿವಾಹ ಸಂಶೋಧನೆ: ವಯಸ್ಸಿನ ಲೆಕ್ಕದಿಂದ ಬದುಕಿನ ಪ್ರಶ್ನೆಗೆ

ಬಾಲ್ಯವಿವಾಹವನ್ನು ಕುರಿತ ಚಿಂತನೆಯು ಕಾಲಕಾಲಕ್ಕೆ ತನ್ನ ಪ್ರಶ್ನೆಯನ್ನೇ ಬದಲಿಸಿಕೊಂಡಿದೆ. ಆ ಬದಲಾವಣೆಯ ಹೆಜ್ಜೆಗಳನ್ನು ಗುರುತಿಸುವುದು ಈ ಟಿಪ್ಪಣಿಯ ಉದ್ದೇಶ.

ಮೊದಲ ಪ್ರಶ್ನೆ ಕಾನೂನಿನದು. 1929ರ ಶಾರದಾ ಕಾಯಿದೆಯು ವಧುವಿಗೆ 14, ವರನಿಗೆ 18 ವರ್ಷಗಳ ಕನಿಷ್ಠ ಮಿತಿಯನ್ನು ವಿಧಿಸಿತು. 1978ರ ತಿದ್ದುಪಡಿಯು ಅದನ್ನು 18 ಮತ್ತು 21ಕ್ಕೆ ಏರಿಸಿತು. ಇತಿಹಾಸಕಾರರು ಇಂತಹ ಕಾಯಿದೆಗಳ ಹಿಂದಿನ ಶಾಸ್ತ್ರ, ಸುಧಾರಣೆ ಮತ್ತು ವಸಾಹತು ಆಡಳಿತಗಳ ಸಂಘರ್ಷವನ್ನು ಶೋಧಿಸಿದರು.

ಸ್ವಾತಂತ್ರ್ಯಾನಂತರ ಜನಸಂಖ್ಯಾಶಾಸ್ತ್ರವು ವಿವಾಹದ ವಯಸ್ಸನ್ನು ಜನನಪ್ರಮಾಣದೊಂದಿಗೆ ಜೋಡಿಸಿ ನೋಡಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 18 ತುಂಬುವ ಮೊದಲೇ ಮದುವೆಯಾದವರ ಪ್ರಮಾಣ 2005–06ರಲ್ಲಿ ಶೇ. 47ರಷ್ಟಿದ್ದು, 2019–21ರಲ್ಲಿ ಶೇ. 23ಕ್ಕೆ ಇಳಿಯಿತು. ಆದರೆ ಈ ಲೆಕ್ಕ 20ರಿಂದ 24 ವರ್ಷದ ಸ್ತ್ರೀಯರದು. ಅಂದರೆ ಅದು ಹೇಳುವುದು ಕೆಲವು ವರ್ಷಗಳ ಹಿಂದೆ ನಡೆದುಹೋದ ಮದುವೆಗಳನ್ನು. ಇಂದು ಶಾಲೆ ಬಿಟ್ಟ ಬಾಲಕಿ ಅದರಲ್ಲಿ ಕಾಣುವುದಿಲ್ಲ.

ಮೂರನೆಯ ಹೆಜ್ಜೆಯಲ್ಲಿ ಆರೋಗ್ಯ ಮತ್ತು ಅರ್ಥಶಾಸ್ತ್ರಗಳು ಪರಿಣಾಮಗಳನ್ನು ಅಳೆದವು. ಗ್ರಾಮೀಣ ಬಾಂಗ್ಲಾದೇಶವನ್ನು ಕುರಿತ ಎರಿಕಾ ಫೀಲ್ಡ್ ಮತ್ತು ಅಟಿಲಾ ಆ್ಯಂಬ್ರಸ್ ಅವರ 2008ರ ಅಧ್ಯಯನದಂತೆ, ಮದುವೆ ಒಂದು ವರ್ಷ ತಡವಾದರೆ ಹುಡುಗಿಯ ಶಿಕ್ಷಣ ಸುಮಾರು 0.22 ವರ್ಷ ಹೆಚ್ಚುತ್ತದೆ.

ಈಚಿನ ಸಂಶೋಧನೆಯಾದರೋ ವಯಸ್ಸಿನ ಅಂಕಿಯ ಆಚೆಗೆ ನೋಡುತ್ತದೆ. ಹೆಣ್ಣಿಗೆ ಮದುವೆಯಲ್ಲದೆ ಬೇರೆ ದಾರಿಯೇ ಇಲ್ಲವೆಂಬ ಸ್ಥಿತಿ ಹೇಗೆ ಉಂಟಾಗುತ್ತದೆ ಎಂಬುದು ಅದರ ಪ್ರಶ್ನೆ. ಮಹಾರಾಷ್ಟ್ರದ ಕಬ್ಬಿನ ಗದ್ದೆಗಳೇ ಇದಕ್ಕೆ ನಿದರ್ಶನ. ಅಲ್ಲಿ ಗಂಡಹೆಂಡಿರ ಜೋಡಿಯನ್ನು 'ಕೋಯ್ತಾ' ಎಂಬ ಒಂದೇ ಘಟಕವಾಗಿ ಎಣಿಸಿ ಮುಂಗಡ ಕೊಡುವರು. ಹಂಗಾಮಿಗೆ ವಲಸೆ ಹೊರಟ ತಂದೆತಾಯಿಗೆ ಬೆಳೆದ ಮಗಳನ್ನು ಊರಲ್ಲಿ ಒಂಟಿಯಾಗಿ ಬಿಡುವ ಭಯ. ಹುಡುಗನ ಮನೆಯವರಿಗೆ ಜೋಡಿಯಾದರೆ ಮುಂಗಡ ದೊರೆಯುವ ಅನುಕೂಲ. ಇಲ್ಲಿ ಕಾನೂನಿನ ಅಜ್ಞಾನವೊಂದೇ ಕಾರಣವೆನ್ನಲಾಗದು.

ಭಾಷಾ ವಿದ್ಯಾರ್ಥಿಗೆ ಇಲ್ಲೇನು ಕೆಲಸ? ಸಮೀಕ್ಷೆಯ 'ಮದುವೆಯ ವಯಸ್ಸು' ಎಂಬ ಒಂದು ಅಂಕಣದೊಳಗೆ ನಮ್ಮ ಹಿರಿಯರ ಬದುಕಿನ ಮೂರು ಘಟ್ಟಗಳು ಅಡಗಿವೆ: ಮದುವೆ, ಮೈನೆರೆಯುವುದು, ಪ್ರಸ್ತ. ಇವುಗಳ ನಡುವೆ ಕೆಲವೊಮ್ಮೆ ವರ್ಷಗಳ ಅಂತರವಿರುತ್ತಿತ್ತು. ಪ್ರಶ್ನೆ ಕೇಳುವವನಿಗೆ ಉತ್ತರಿಸುವವಳ ಮಾತು ತಿಳಿಯದಿದ್ದರೆ ಅಂಕಿಯೂ ತಪ್ಪುತ್ತದೆ. ಗಡಿನಾಡಿನಲ್ಲಿ ಮನೆಯ ಕನ್ನಡಕ್ಕೂ ಕಡತದ ಭಾಷೆಗೂ ಅಂತರವಿರುವುದರಿಂದ ಈ ಅಪಾಯ ಇನ್ನೂ ಹೆಚ್ಚು.

ಅಭ್ಯಾಸ: ನಿಮ್ಮ ಮನೆಯ ಹಿರಿಯ ಸ್ತ್ರೀಯೊಬ್ಬರ ಒಪ್ಪಿಗೆ ಪಡೆದು, ಅವರ ಮದುವೆಯ ಕಥನವನ್ನು ಅವರದೇ ನುಡಿಯಲ್ಲಿ ಬರೆದುಕೊಳ್ಳಿರಿ. ಅವರು ಯಾವುದನ್ನು ವರ್ಷದಿಂದ, ಯಾವುದನ್ನು ಘಟನೆಯಿಂದ ಗುರುತಿಸುತ್ತಾರೆ ಎಂಬುದನ್ನು ಗಮನಿಸಿರಿ.