ಇಂಗ್ಲಿಷಿನ ಪದಕ್ರಮ ವ್ಯತ್ಯಯ ಮತ್ತು ಕನ್ನಡ ಅನುವಾದ

ಇಂಗ್ಲಿಷ್ ವಾಕ್ಯದಲ್ಲಿ ಕರ್ತೃ, ಕ್ರಿಯೆ, ಕರ್ಮಗಳ ಅನುಕ್ರಮವು ಬಹುಮಟ್ಟಿಗೆ ಸ್ಥಿರವಾದುದು. ನಾಮಪದಗಳ ವಿಭಕ್ತಿಪ್ರತ್ಯಯಗಳು ಬಹುತೇಕ ಲೋಪಗೊಂಡಿರುವ ಆ ಭಾಷೆಯಲ್ಲಿ ಪದದ ಸ್ಥಾನವೇ ಕಾರಕಸಂಬಂಧವನ್ನು ಸೂಚಿಸುತ್ತದೆ. ಆದುದರಿಂದ ಕ್ರಮದ ಉಲ್ಲಂಘನೆಯು ಅರ್ಥಪೂರ್ಣವಾಗುತ್ತದೆ. ಸಹಾಯಕ ಕ್ರಿಯಾಪದವು ಕರ್ತೃವಿಗಿಂತ ಮೊದಲು ಬರುವುದನ್ನು ಪದಕ್ರಮ ವ್ಯತ್ಯಯ ಎನ್ನಬಹುದು. ಪ್ರಶ್ನಾವಾಕ್ಯಗಳಲ್ಲಿ ಇದು ಸಾಮಾನ್ಯ. ಇತರ ವಾಕ್ಯಗಳಲ್ಲಿ ಇದರ ಎರಡು ಮುಖ್ಯ ಪ್ರಯೋಜನಗಳು ಅವಧಾರಣೆ ಮತ್ತು ಔಪಚಾರಿಕ ಷರತ್ತು.

ನಿಷೇಧ ಅಥವಾ ಮಿತಿಯನ್ನು ಸೂಚಿಸುವ ಕ್ರಿಯಾವಿಶೇಷಣವು ವಾಕ್ಯದ ಆದಿಗೆ ಬಂದಾಗ ವ್ಯತ್ಯಯವು ಕಡ್ಡಾಯ: 'ನೆವರ್ ಹ್ಯಾವ್ ಐ ಸೀನ್ ಸಚ್ ರೇನ್'. ಸಹಾಯಕ ಕ್ರಿಯಾಪದವಿಲ್ಲದಿದ್ದರೆ 'ಡು' ಧಾತುವಿನ ರೂಪವೊಂದು ಸೇರುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಕ್ರಿಯಾಪದವು ಅನೇಕ ವೇಳೆ ವಾಕ್ಯದ ಎರಡನೆಯ ಸ್ಥಾನದಲ್ಲಿ ನಿಲ್ಲುತ್ತಿತ್ತು. ಈ ರಚನೆ ಅದರ ಅವಶೇಷ.

ಕನ್ನಡದಲ್ಲಿ ಪದಗಳನ್ನು ಸ್ಥಳಾಂತರಿಸಿದರೂ ವಿಭಕ್ತಿಪ್ರತ್ಯಯಗಳು ಸಂಬಂಧವನ್ನು ಕಾಯುತ್ತವೆ. 'ಎಂದೂ ಕಂಡಿಲ್ಲ ನಾನು ಇಂಥ ಮಳೆಯನ್ನು' ಎಂಬುದು ವ್ಯಾಕರಣಬದ್ಧವಾದರೂ ಅದರಲ್ಲಿ ಮಾತಿನ ಅಥವಾ ಕಾವ್ಯದ ಧಾಟಿಯಿದೆ. ಇಂಗ್ಲಿಷ್ ರಚನೆಯ ಔಪಚಾರಿಕತೆಯಿಲ್ಲ. ಇಲ್ಲಿ ಅವಧಾರಣೆಯ ಭಾರವನ್ನು ಹೊರುವುದು 'ಏ', 'ಊ' ಎಂಬ ಅವ್ಯಯಗಳು. 'ನಾಟ್ ಅಂಟಿಲ್ ಹಿ ರೆಡ್ ದ ಲೆಟರ್ ಡಿಡ್ ಹಿ ನೋ ದ ಟ್ರೂತ್' ಎಂಬುದನ್ನು 'ಪತ್ರವನ್ನು ಓದುವವರೆಗೂ ಅವನಿಗೆ ಸತ್ಯ ತಿಳಿಯಲಿಲ್ಲ' ಎಂದರೆ ಒತ್ತು ಅಜ್ಞಾನದ ಮೇಲೆ ಬೀಳುತ್ತದೆ. 'ಓದಿದ ಮೇಲೆಯೇ ತಿಳಿಯಿತು' ಎಂದಾಗ ಅರಿವಿನ ಕ್ಷಣ ಮುನ್ನೆಲೆಗೆ ಬರುತ್ತದೆ. ಇವೆರಡರ ಆಯ್ಕೆಯನ್ನು ಸಂದರ್ಭವೇ ನಿರ್ಣಯಿಸಬೇಕು.

ಷರತ್ತಿನ ವಾಕ್ಯಗಳಲ್ಲಿ 'ಇಫ್' ಲೋಪವಾಗಿ 'ಹ್ಯಾಡ್', 'ವರ್', 'ಶುಡ್' ಎಂಬವು ಆದಿಗೆ ಬರುತ್ತವೆ. ನಿಷೇಧದಲ್ಲಿ 'ಹ್ಯಾಡ್ ಇಟ್ ನಾಟ್ ರೇನ್ಡ್' ಎಂಬುದು ಸಾಧು. 'ಹ್ಯಾಡಂಟ್ ಇಟ್ ರೇನ್ಡ್' ಎಂಬ ಸಂಕ್ಷಿಪ್ತ ರೂಪ ಅಸಾಧು. ಇಂಥ ಉಪವಾಕ್ಯವನ್ನು ವಿದ್ಯಾರ್ಥಿಯು ಪ್ರಶ್ನೆಯೆಂದು ಭ್ರಮಿಸುವ ಸಾಧ್ಯತೆಯಿದೆ. ಅದರ ನಂತರ ಮುಖ್ಯವಾಕ್ಯವೊಂದು ಬರುವುದನ್ನು ತೋರಿಸುವುದೇ ಪರಿಹಾರ.

ಕನ್ನಡದಲ್ಲಿ ಈ ಔಪಚಾರಿಕತೆಯು ಕ್ರಿಯಾರೂಪದ ಆಯ್ಕೆಯಿಂದ ಸಿದ್ಧಿಸುತ್ತದೆ. 'ಶುಡ್ ಎನಿ ಡಿಸ್ಪ್ಯೂಟ್ ಅರೈಸ್' ಎಂಬುದಕ್ಕೆ 'ವಿವಾದ ಉಂಟಾದರೆ' ಎಂಬುದು ಅರ್ಥವನ್ನಷ್ಟೇ ಕೊಡುತ್ತದೆ. 'ವಿವಾದವು ಉದ್ಭವಿಸಿದಲ್ಲಿ' ಅಥವಾ 'ಉದ್ಭವಿಸಿದ ಪಕ್ಷದಲ್ಲಿ' ಎಂಬುದು ಕರಾರುಪತ್ರದ ಧಾಟಿಯನ್ನೂ ಉಳಿಸುತ್ತದೆ. ಆದರೆ 'ಹ್ಯಾಡ್ ಹಿ ಕಮ್' ಎಂಬುದು ನಡೆಯದೆ ಹೋದ ಸಂಗತಿ. ಅದನ್ನು 'ಅವನು ಬಂದಲ್ಲಿ' ಎಂದರೆ ಮುಂದೆ ಬರಬಹುದೆಂಬ ಅರ್ಥ ಹೊರಡುತ್ತದೆ. 'ಬಂದಿದ್ದಲ್ಲಿ' ಎಂದು ಆರಂಭಿಸಿ ಮುಖ್ಯವಾಕ್ಯವನ್ನು 'ಆಗುತ್ತಿತ್ತು' ಎಂಬ ರೂಪದಲ್ಲಿ ಮುಗಿಸಿದಾಗ ಮಾತ್ರ ಔಪಚಾರಿಕತೆ, ಅವಾಸ್ತವತೆಗಳೆರಡೂ ಉಳಿಯುತ್ತವೆ. ಶಾಸನ, ಕರಾರುಗಳ ಅನುವಾದದಲ್ಲಿ ಈ ವ್ಯತ್ಯಾಸವು ಕೇವಲ ಶೈಲಿಯದಲ್ಲ, ಅರ್ಥನಿರ್ಣಯದ್ದು.

ಹೀಗೆ ಇಂಗ್ಲಿಷ್ ಸ್ಥಾನದಿಂದ ಸಾಧಿಸುವುದನ್ನು ಕನ್ನಡವು ಮುಖ್ಯವಾಗಿ ಪ್ರತ್ಯಯ ಮತ್ತು ಅವ್ಯಯಗಳಿಂದ ಸಾಧಿಸುತ್ತದೆ. ಅನುವಾದಕನು ಪದಕ್ರಮವನ್ನಲ್ಲ, ಪದಕ್ರಮದ ಪ್ರಯೋಜನವನ್ನು ಕನ್ನಡಕ್ಕೆ ತರಬೇಕಾಗುತ್ತದೆ.