ಗೂಡಿನ ದಾಸ್ತಾನಿನಲ್ಲಿ ಕಸಕ್ಕೂ ಒಂದು ಕಲಂ

ಬಿಡದಿಯಂಥ ಕೈಗಾರಿಕಾ ಪ್ರದೇಶಗಳಲ್ಲಿ ಬಳಸುವ ದಾಸ್ತಾನು ತಂತ್ರಾಂಶದಲ್ಲಿ ಕೆಟ್ಟ ಬಿಡಿಭಾಗಕ್ಕೆ ‘ಸ್ಕ್ರ್ಯಾಪ್’ ಎಂಬ ಬೇರೆ ನಮೂದು ಇರುತ್ತದೆ. ಯಾವ ವಸ್ತು, ಯಾವ ಲಾಟು, ಎಷ್ಟು, ಏತಕ್ಕೆ ಎಂದು ಬರೆದರೆ ಒಳ್ಳೆಯ ದಾಸ್ತಾನಿನಿಂದ ಅಷ್ಟು ಇಳಿದು ಸ್ಕ್ರ್ಯಾಪ್ ಲೆಕ್ಕಕ್ಕೆ ಸೇರುತ್ತದೆ. ನೆರೆಯ ರಾಮನಗರದ ನೂಲು ಬಿಚ್ಚಾಣಿಕೆದಾರರಿಗೂ, ಅಲ್ಲಿನ ಮಾರುಕಟ್ಟೆಗೆ ಗೂಡು ತರುವ ರೈತರಿಗೂ ಈ ಕ್ರಮ ಅನುಕೂಲ. ಗಣಕವೇ ಬೇಕೆಂದಿಲ್ಲ, ಗೆರೆ ಹಾಕಿದ ಪುಸ್ತಕವೂ ಸಾಕು.

ಉದಾಹರಣೆಗೆ, 100 ಕಿಲೋ ಗೂಡು ಕೊಂಡು 4 ಕಿಲೋ ಆರಿಸಿ ತೆಗೆದು, ಉಳಿದ 96 ಕಿಲೋದಿಂದ 12 ಕಿಲೋ ಕಚ್ಚಾ ರೇಷ್ಮೆ ಬಂತೆನ್ನೋಣ. ಒಂದು ಕಿಲೋ ರೇಷ್ಮೆಗೆ ತಗಲುವ ಗೂಡಿನ ತೂಕವೇ ರೆಂಡಿಟ್ಟಾ. ಬಿಚ್ಚಿದ ಗೂಡಿನ ಮೇಲೆ ಅದು 8, ಕೊಂಡ ಗೂಡಿನ ಮೇಲೆ 8.33. ಆ 4 ಕಿಲೋ ಬರೆಯದಿದ್ದರೆ ಎರಡನೆಯ ಅಂಕಿಯೊಂದೇ ಉಳಿಯುತ್ತದೆ. ನೂಲು ಕಡಿಮೆಯಾದದ್ದು ಆಯ್ಕೆಯಲ್ಲೋ ಒಲೆಯ ಬಳಿಯಲ್ಲೋ ತಿಳಿಯದು. ದೂರು ಮಾತ್ರ ಗೂಡು ಬೆಳೆದವನ ಮೇಲೆ ಬರುತ್ತದೆ!

‘ಕಾರಣ’ದ ಕಲಮನ್ನು ಖಾಲಿ ಬಿಡಬಾರದು. ರೈತನಿಗೆ ಹೆಚ್ಚು ಉಪಯೋಗವಾಗುವುದು ಅದೇ. ಜೋಡಿಗೂಡು ಹೆಚ್ಚಿದರೆ ಚಂದ್ರಿಕೆಯಲ್ಲಿ ಹುಳುಗಳು ಕಿಕ್ಕಿರಿದಿದ್ದವೆಂದು ಶಂಕಿಸಬೇಕು. ತೂತುಬಿದ್ದ ಗೂಡು ಊಜಿ ನೊಣದ ಕಡೆಗೆ ಬೆರಳು ತೋರಿಸುತ್ತದೆ. ಕಲೆಗೂಡಿಗೆ ಒಳಗೆ ಸತ್ತ ಹುಳು, ಚಂದ್ರಿಕೆಯ ತೇವ ಎರಡೂ ಕಾರಣವಾಗಬಲ್ಲವು. ಒಂದೆರಡನ್ನು ಕತ್ತರಿಸಿ ನೋಡಿ ಬರೆಯಿರಿ. ಬಿಚ್ಚಾಣಿಕೆದಾರರು ಈ ಷರಾವನ್ನು ರೈತರಿಗೆ ತಿಳಿಸಿದರೆ ಮುಂದಿನ ಬೆಳೆಗೆ ತಿದ್ದಿಕೊಳ್ಳಬಹುದು.

ಗೂಡು ಒಣಗಿಸಿದಾಗ ನೀರಾರಿ ತೂಕ ಇಳಿಯುತ್ತದೆ. ಅದನ್ನು ಕಸದ ಕಲಮಿಗೆ ಸೇರಿಸಬೇಡಿ. ಎಳೆತ್ಯಾಜ್ಯವೂ ಕೋಶವೂ ಮಾರಾಟವಾಗುವ ಉಪ ಉತ್ಪನ್ನಗಳು. ಅವುಗಳ ತೂಕ, ಮಾರಿದ ಹಣ ಎರಡನ್ನೂ ಬೇರೆ ಪುಟದಲ್ಲಿ ನಮೂದಿಸತಕ್ಕದ್ದು.