ಅರ್ಜಿ ಮೊದಲು, ರಾಜಿ ಮಾತು ಜೊತೆಗೇ

ತಂಗಿ, ವಿಚ್ಛೇದನ ಮುಗಿಯುವವರೆಗೆ ಸಾಲ ಮಾಡಿಯೇ ದಿನ ದೂಡಬೇಕೆಂದು ನೀವು ಅಂದುಕೊಂಡಂತಿದೆ. ಅದರ ಅಗತ್ಯವಿಲ್ಲ, ಮಧ್ಯಂತರ ಜೀವನಾಂಶಕ್ಕೆ ಈಗಲೇ ಅರ್ಜಿ ಹಾಕಿ. ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಿಡಿಯಬೇಕೆಂದು ಹೇಳಿದೆ. ಅಂದರೆ ತಡಮಾಡಿದ ಒಂದೊಂದು ತಿಂಗಳೂ ನಿಮಗೇ ನಷ್ಟ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಅಡಿಯ ಈ ಅರ್ಜಿಗಾಗಿ ಗಂಡನ ಊರು ರಾಣೆಬೆನ್ನೂರಿಗೆ ಅಲೆಯಬೇಕಿಲ್ಲ; ನೀವಿರುವ ಬ್ಯಾಡಗಿ ವ್ಯಾಪ್ತಿಯ ನ್ಯಾಯಾಲಯದಲ್ಲೇ ಹಾಕಬಹುದು. ವಕೀಲರ ಫೀಸಿನ ಚಿಂತೆಯೂ ಬೇಡ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ, ಆದಾಯ ಎಷ್ಟೇ ಇರಲಿ, ಮಹಿಳೆಯರು ಉಚಿತ ಕಾನೂನು ನೆರವಿಗೆ ಅರ್ಹರು. ಹಾವೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ.

‘ಅವರಿಗೆ ಸಂಬಳವಿಲ್ಲ, ಮೆಣಸಿನಕಾಯಿ ಬೆಳೆ ನಂಬಿದವರು, ಏನು ತೋರಿಸುವುದು?’ ಎಂಬ ನಿಮ್ಮ ಆತಂಕ ಸಹಜ. ಆದರೆ ಅದೇ ತೀರ್ಪಿನಂತೆ ಇಬ್ಬರೂ ಆಸ್ತಿ, ಆದಾಯ, ಸಾಲಗಳ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸಬೇಕು. ಅದರಲ್ಲಿ ಮುಚ್ಚಿಟ್ಟದ್ದನ್ನು ಪಹಣಿ, ಬ್ಯಾಡಗಿ ಮಾರುಕಟ್ಟೆಯ ದಲಾಲಿ ಅಂಗಡಿಯ ಪಟ್ಟಿ, ಬ್ಯಾಂಕಿನ ಲೆಕ್ಕ ಹೇಳುತ್ತವೆ. ಫಸಲು ಕೆಟ್ಟ ವರ್ಷ ಮೊತ್ತ ತಗ್ಗೀತು, ಹೊಣೆ ತಪ್ಪದು. ಕೋರ್ಟಿಗೆ ಹೋದರೆ ರಾಜಿ ಕೆಡುತ್ತದೆ ಎಂಬ ಹಿರಿಯರ ಮಾತಿಗೂ ಉತ್ತರವಿದೆ: ಅರ್ಜಿ ನಡೆಯುತ್ತಿರುವಾಗಲೇ ಮಧ್ಯಸ್ಥಿಕೆಯಲ್ಲೋ ಲೋಕ ಅದಾಲತ್‌ನಲ್ಲೋ ಜೀವನಾಂಶದ ಒಪ್ಪಂದ ಸಾಧ್ಯ. ಒಮ್ಮೆಲೇ ಮೊತ್ತ ಕೊಡುತ್ತೇವೆಂದರೆ, ಮಕ್ಕಳ ಶಾಲಾ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ನ್ಯಾಯಾಲಯದ ಆದೇಶದಲ್ಲಿ ಬರೆಸದ ಯಾವ ಕರಾರಿಗೂ ಸಹಿ ಮಾಡಬೇಡಿ.